ನಮ್ಮ ವಹಿಯಲ್ಲಿ ಅವಳ ಮಾತು

ಆ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಬೈಯಬೇಡಿ. ಒಂದೇ ಒಂದು ವಾಕ್ಯ. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಅಡುಗೆಮನೆಯಿಂದ ಎತ್ತಿಕೊಂಡ ಹೋಲಿಕೆ. ನಿಮಗೆ ಇಷ್ಟು ತಿಳಿದರೆ ಸಾಕು. ಇದಕ್ಕಿಂತ ಹೆಚ್ಚು ಹೇಳಿಯೇ ನಾನು ಅನಾಹುತ ಮಾಡಿಕೊಂಡದ್ದು.

ಹಾವೇರಿಯಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾನು ಆಪ್ತಸಮಾಲೋಚಕಿಯಾಗಿ ಕೂರುತ್ತೇನೆ. ಕೆಲವು ವರ್ಷಗಳ ಹಿಂದೆ ಆನ್‌ಲೈನಿನಲ್ಲಿ ಒಂದು ಹೊಸ ಚಿಕಿತ್ಸೆಯ ತರಬೇತಿ ಪಡೆದೆ. ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ ಎಂದು ಉದ್ದನೆಯ ಹೆಸರು; ನಾವು ‘ಆಕ್ಟ್’ ಎನ್ನುತ್ತಿದ್ದೆವು. ನೋವನ್ನು ಒದ್ದೋಡಿಸಲು ಹೆಣಗುವುದನ್ನು ಬಿಟ್ಟು, ಅದಕ್ಕೂ ಒಂದಿಷ್ಟು ಜಾಗ ಕೊಟ್ಟು, ಬದುಕಿನಲ್ಲಿ ತನಗೆ ಮುಖ್ಯವಾದದ್ದರ ಕಡೆ ಒಂದು ಹೆಜ್ಜೆ ಇಡುವುದು ಅದರ ತಿರುಳು. ಕಲಿತದ್ದೇನೋ ಆಯಿತು, ತಪ್ಪಿದರೆ ತಿದ್ದುವವರು ಸುತ್ತ ಯಾರೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಮುಖ ಮಾಡಿಕೊಂಡು ಎಷ್ಟು ದಿನ ಕೂರುವುದು? ಹುಡುಕಿದಾಗ ಇಬ್ಬರು ಸಿಕ್ಕರು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ಪ್ರಾಧ್ಯಾಪಕರು ಒಬ್ಬರು. ಇನ್ನೊಬ್ಬಳು ಬ್ಯಾಡಗಿಯ ನರ್ಸ್, ರೋಗಿಗಳಿಗೆ ಸಮಾಧಾನ ಹೇಳುತ್ತ ಹೇಳುತ್ತ ಸಮಾಲೋಚಕಿಯೇ ಆಗಿಬಿಟ್ಟಿದ್ದವಳು. ಮೂವರಿಂದ ಶುರುವಾದದ್ದು ವರ್ಷದೊಳಗೆ ಒಂಬತ್ತು ಮಂದಿಯ ಬಳಗವಾಯಿತು. ತಿಂಗಳ ಎರಡನೇ ರವಿವಾರ, ಮೂರು ಊರುಗಳಲ್ಲಿ ಸರದಿಯ ಮೇಲೆ ಸೇರುತ್ತಿದ್ದೆವು.

ಬ್ಯಾಡಗಿಯ ಸರದಿ ಮೆಣಸಿನಕಾಯಿ ಸುಗ್ಗಿಯಲ್ಲಿ ಬಂದರೆ ದೇವರೇ ಗತಿ. ಉಸಿರನ್ನು ಗಮನಿಸಿ ಎಂದು ನಾನು ಹೇಳುವಷ್ಟರಲ್ಲಿ ಒಬ್ಬರು ಕೆಮ್ಮುತ್ತಿದ್ದರು, ಅವರ ಹಿಂದೆ ಎಲ್ಲರೂ. ಕಣ್ಣು ಮೂಗು ಒರೆಸಿಕೊಂಡು ನಗುತ್ತಿದ್ದೆವು. ಆಗ ಇನ್ನೂ ನಗು ಬರುತ್ತಿತ್ತು.

ನಮ್ಮ ದೊಡ್ಡ ತೊಡಕು ಬೇರೆಯೇ ಇತ್ತು. ಈ ಚಿಕಿತ್ಸೆ ನಡೆಯುವುದು ಬಹುಮಟ್ಟಿಗೆ ಹೋಲಿಕೆಗಳ ಮೇಲೆ. ತರಬೇತಿಯಲ್ಲಿ ಕೊಟ್ಟ ಹೋಲಿಕೆಗಳು ನಮ್ಮ ಮಂದಿಗೆ ತಲೆಗೆ ಹತ್ತುತ್ತಿರಲಿಲ್ಲ. ಒಂದರಲ್ಲಿ ನೀನು ಬಸ್ಸಿನ ಡ್ರೈವರ್, ಹಿಂದೆ ಕೂತು ಕೂಗಾಡುವ ಪ್ರಯಾಣಿಕರು ನಿನ್ನ ಯೋಚನೆಗಳು, ಅವರು ಏನೇ ಅರಚಲಿ ನೀನು ನಿನ್ನ ದಾರಿಯಲ್ಲಿ ಬಸ್ಸು ಬಿಡುತ್ತಿರು. ಇದನ್ನು ಕೇಳಿ ನರ್ಸ್ ಬಿದ್ದು ಬಿದ್ದು ನಕ್ಕಿದ್ದಳು. “ಅಕ್ಕಾ, ಗುತ್ತಲ ಬಸ್ಸಿನ್ಯಾಗ ಮಂದಿ ಒದರಿದ ಮ್ಯಾಲೂ ನಿಲ್ಲಸಲಿಲ್ಲಂದ್ರ ಡ್ರೈವರನ್ನ ಕೆಳಗ ಇಳಿಸಿ ಬಡೀತಾರ!”

ಹಾಗಾಗಿ ನಾನೇ ಒಂದು ಕೆಂಪು ರಟ್ಟಿನ ವಹಿ ತಂದೆ. ನಮ್ಮ ಬಳಿ ಬರುವವರ ಬಾಯಿಂದ ತಾನಾಗಿ ಬಂದ ಹೋಲಿಕೆಗಳನ್ನು ಅದರಲ್ಲಿ ಬರೆದು, ರವಿವಾರ ಓದಿ, ಎಲ್ಲರೂ ಬಳಸಬೇಕೆಂದು ಗೊತ್ತುಮಾಡಿದೆವು. ನಿಯಮವನ್ನೂ ನಾನೇ ಮಾಡಿದೆ: ಹೆಸರಿಲ್ಲ, ಊರಿಲ್ಲ, ಜಾತಿಯಿಲ್ಲ, ವಯಸ್ಸಿಲ್ಲ. ಯಾರ ಪೈಕಿ, ಯಾರ ಮನೆಯವರು ಎಂದು ಕೇಳದೆ ಚಹಾ ಕೂಡ ಕೊಡದ ಈ ಸೀಮೆಯಲ್ಲಿ ಇಂಥದೊಂದು ನಿಯಮ ಮಾಡಿದ್ದಕ್ಕೆ ನನಗೆ ಭಾರಿ ಜಂಬವಿತ್ತು.

ಆಕೆ ಬರುತ್ತಿದ್ದದ್ದು ಗುರುವಾರ. ಯಾವ ಹಳ್ಳಿಯಿಂದ ಎಂದು ಹೇಳುವುದಿಲ್ಲ. ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಮಗು ಜ್ವರದಲ್ಲಿ ಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಅದರ ಹೆಸರೆತ್ತುವಂತಿರಲಿಲ್ಲ. ಅಂಗಿ, ಆಟಿಕೆ, ಶಾಲೆಯ ಚೀಲ ಎಲ್ಲವನ್ನೂ ಅತ್ತೆ ಯಾರಿಗೋ ಕೊಟ್ಟುಬಿಟ್ಟಿದ್ದರು, ಸೊಸೆ ಬೇಗ ಮರೆಯಲಿ ಎಂದು. ನನ್ನ ಹತ್ತಿರ ಬರುವುದು ಗೊತ್ತಾದರೆ ಹೊಸ್ತಿಲು ದಾಟಲು ಬಿಡುವುದಿಲ್ಲ ಎಂದು ಆಕೆ ಮೊದಲ ದಿನವೇ ಹೇಳಿದ್ದಳು. ಹೊಲಿಗೆ ಕ್ಲಾಸಿಗೆ ಎಂದು ಹೇಳಿ ಬರುತ್ತಿದ್ದಳು. ವಾರದಲ್ಲಿ ಆ ಒಂದು ತಾಸು ಮಾತ್ರ ಆಕೆ ಆ ಮಗುವಿನ ತಾಯಿಯಾಗಿರುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ ಒಂದು ದಿನ, ಸೆರಗಿನ ತುದಿ ನೋಡುತ್ತ, ಆ ಮಾತು ಆಡಿದಳು. ನೋವಿಗೆ ಜಾಗ ಕೊಡುವುದೆಂದರೇನು ಎಂದು ನಾನು ಎರಡು ವರ್ಷ ಒದ್ದಾಡಿಯೂ ಹೇಳಲಾಗದ್ದನ್ನು ಆಕೆ ಏಳೆಂಟು ಶಬ್ದಗಳಲ್ಲಿ ಮುಗಿಸಿದ್ದಳು. ಆಕೆ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ ಅದು ವಹಿಯಲ್ಲಿತ್ತು. ಆಕೆಯನ್ನು ಕೇಳಬೇಕೆಂದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಹೆಸರೇ ಹಾಕುವುದಿಲ್ಲವಲ್ಲ, ಕೇಳುವುದೇನು ಎಂದು ತಳ್ಳಿಹಾಕಿದೆ.

ರಾಣೆಬೆನ್ನೂರಿನ ಸಭೆಯಲ್ಲಿ ಓದಿದಾಗ ಇನ್ನೊಮ್ಮೆ ಓದಿ ಎಂದರು. ಆಮೇಲೆ ಎಲ್ಲರೂ ಬರೆದುಕೊಂಡರು. ಮುಂದಿನ ತಿಂಗಳು ನರ್ಸ್ ಓಡಿಬಂದಂತೆ ಬಂದು ಹೇಳಿದಳು: ಹೆರಿಗೆಯಲ್ಲಿ ಕೂಸು ಕಳೆದುಕೊಂಡ ಹೆಂಗಸೊಬ್ಬಳು ಆ ಮಾತು ಕೇಳಿ ಮೊದಲ ಸಲ ಅತ್ತಳಂತೆ, ಅತ್ತು ಊಟ ಮಾಡಿದಳಂತೆ. ಮಾತು ಕೆಲಸ ಮಾಡುತ್ತಿತ್ತು. ಮಾಡದಿದ್ದರೆ ಅಲ್ಲಿಗೇ ಬಿಟ್ಟಿರುತ್ತಿದ್ದೆವೋ ಏನೋ.

ಆ ವರ್ಷ ಹಾವೇರಿಯಲ್ಲಿ ಮಹಿಳಾ ಸಂಘಗಳ ಸಮಾವೇಶವಾಯಿತು. ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಲು ಪ್ರಾಧ್ಯಾಪಕರನ್ನು ಕರೆಸಿದವಳು ನಾನೇ. ವೇದಿಕೆಯ ಮೇಲೆ ಅವರ ಪಕ್ಕದಲ್ಲೇ ಕೂತಿದ್ದೆ. ಅವರು ಚೆನ್ನಾಗಿ ಮಾತಾಡುತ್ತಾರೆ, ಜನ ಕಿವಿಗೊಟ್ಟು ಕೇಳುತ್ತಿದ್ದರು. ಕೊನೆಗೆ, “ಹೆಸರ ಹೇಳೂದಿಲ್ರಿ. ಒಬ್ಬ ತಾಯಿ ನಮ್ಮ ಈ ಮೇಡಮ್ಮಾರ ಮುಂದ ಕುಂತು ಹೇಳಿದ್ದು ಇದು” ಎಂದು ನನ್ನತ್ತ ಕೈ ತೋರಿಸಿ ಆ ಮಾತು ಹೇಳಿದರು. ಚಪ್ಪಾಳೆಯೋ ಚಪ್ಪಾಳೆ. ನಾನು ಎದ್ದು ಕೈ ಮುಗಿದೆ. ಕೈ ಮುಗಿದಾಗಲೇ ನಾಲ್ಕನೇ ಸಾಲಿನಲ್ಲಿ ಆಕೆ ಕಂಡಳು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಚಪ್ಪಾಳೆ ತಟ್ಟುತ್ತಿರಲಿಲ್ಲ. ಪೂರ್ತಿ ಆಕೆಯ ಕಡೆ ತಿರುಗಿ ಕೂತು ಆಕೆಯ ಮುಖವನ್ನೇ ನೋಡುತ್ತಿದ್ದರು. ಆಕೆ ನೋಡುತ್ತಿದ್ದದ್ದು ನನ್ನನ್ನು.

ಗುರುವಾರ ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ. ಮೂರನೇ ವಾರ, ಒಂದು ಸೋಮವಾರ, ಬಾಗಿಲಲ್ಲಿ ನಿಂತಿದ್ದಳು.

“ಒಳಗ ಬಾ, ಕುಂದ್ರವಾ.”

“ಇಲ್ರಿ ಅಕ್ಕಾರ. ನಮ್ಮ ಮನಿಯವ್ರು ಗಾಡಿಗೆ ಪೆಟ್ರೋಲ್ ಹಾಕ್ಸಾಕ ಹೋಗ್ಯಾರ. ಕೆಳಗ ಅತ್ತಿ ಗುಳಿಗಿ ತಗೊಳಾಕ ನಿಂತೇನಿ ಅಂತ ತಿಳದಾರ.”

ಆ ಮಾತನ್ನು ಆಕೆ ನನಗಿಂತ ಮೊದಲು ಒಂದು ಸಲ ಅತ್ತೆಯ ಮುಂದೆ ಆಡಿದ್ದಳಂತೆ, ರೊಟ್ಟಿ ಬಡಿಯುವಾಗ. ಬೈಸಿಕೊಂಡಿದ್ದಳು. ಅದಕ್ಕೇ ಅತ್ತೆಗೆ ಕ್ಷಣದಲ್ಲಿ ಗುರುತು ಹತ್ತಿತು: ಮಾತು ಯಾರದು, ಹೊಲಿಗೆ ಕ್ಲಾಸು ಯಾವುದು. ಹೆಸರು, ಊರು, ಜಾತಿ ಎಲ್ಲವನ್ನೂ ಮುಚ್ಚಿಟ್ಟು ನಾವು ಆಕೆಯ ದನಿಯನ್ನೇ ಬೀದಿಗೆ ತಂದಿದ್ದೆವು.

“ಕೂಸಿನ ಅಂಗಿ ಕೊಟ್ರು, ಪಾಟಿಚೀಲ ಕೊಟ್ರು. ನನ್ನ ಹಂತ್ಯಾಕ ಉಳದಿದ್ದು ಅದೊಂದ ಮಾತು. ಅದನ್ನ ನೀವ ಕೊಟ್ರಿ.”

“ತಪ್ಪಾತವಾ” ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ತರಬೇತಿ ಪಡೆದ ಬಾಯಿ ಸುಮ್ಮನಿರಲಿಲ್ಲ. “ನಿನಗ ಎಷ್ಟ ನೋವಾಗೇತಿ ಅಂತ ನನಗ...”

“ಬ್ಯಾಡ್ರಿ ಅಕ್ಕಾರ. ಈಗ ಅಂದಿದ್ದನ್ನೂ ಎಲ್ಲೆರ ಬರಕೊಂಡೀರಿ.”

ಇಲ್ಲಿ ಆಕೆಯ ಬಾಯಲ್ಲಿ ಇಟ್ಟಿರುವ ಶಬ್ದಗಳು ನನ್ನವು. ಅರ್ಥ ಅಷ್ಟೇ ಆಕೆಯದು. ಕೆಳಗೆ ಹಾರ್ನ್ ಕೇಳಿಸಿತು, ಆಕೆ ಇಳಿದುಹೋದಳು. ಆಮೇಲೆ ಬರಲಿಲ್ಲ. ಹೋಗಿ ನೋಡೋಣವೆಂದರೆ, ಆ ಮನೆಯ ಮುಂದೆ ನಾನು ನಿಂತರೆ ಇಡೀ ಓಣಿಗೆ ಗೊತ್ತಾಗುತ್ತದೆ. ಫೋನು ಮಾಡಿದರೆ ಯಾರು ಎತ್ತುತ್ತಾರೋ. ಈ ಹೊಸ ನೋವನ್ನು ಆಕೆ ಯಾರ ಮುಂದೆ ಆಡುತ್ತಾಳೆ?

ಮುಂದಿನ ಸಭೆ ಬ್ಯಾಡಗಿಯಲ್ಲಿ, ಸುಗ್ಗಿಯ ನಡುವೆ. ನಡೆದದ್ದನ್ನು ಹೇಳಿದೆ. ಎಲ್ಲರ ಕಣ್ಣಲ್ಲೂ ನೀರಿತ್ತು, ಘಾಟಿಗೋ ನಾಚಿಕೆಗೋ ಹೇಳಲಾಗದು. ಪ್ರಾಧ್ಯಾಪಕರು ಮಾತ್ರ ಕೆಂಪಾದರು. “ನಾ ಹೆಸರ ಹೇಳಿಲ್ಲ ಮೇಡಂ. ಅದರಿಂದ ಎಷ್ಟ ಮಂದಿಗೆ ಅನುಕೂಲ ಆಗೇತಿ ನೋಡ್ರಿ.” ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅವರು ಹೇಳಿದ್ದು ಅಕ್ಷರಶಃ ನನ್ನದೇ ಸಮಜಾಯಿಷಿ ಆಗಿದ್ದರಿಂದ ಇನ್ನಷ್ಟು. ನರ್ಸ್ ತಲೆ ಎತ್ತದೆ, “ನಾ ಇವತ್ತ ಮುಂಜಾನೀನೂ ಒಬ್ಬಾಕಿಗೆ ಹೇಳೇನಕ್ಕಾ ಅದನ್ನ” ಎಂದಳು. ವಹಿಯ ಆ ಹಾಳೆ ಹರಿದೆ. ಹರಿದು ಕೈಯಲ್ಲಿ ಹಿಡಿದುಕೊಂಡಾಗ ತಿಳಿಯಿತು, ಅದು ಹಾಳೆಯಲ್ಲಿಲ್ಲ, ಒಂಬತ್ತು ಬಾಯಿಗಳಲ್ಲಿದೆ.

ಈಗ ಬಳಗದಲ್ಲಿ ಐದು ಮಂದಿ ಉಳಿದಿದ್ದೇವೆ. ವಹಿ ಇಲ್ಲ. ಯಾರ ಮಾತು ಬಳಸುವುದಿದ್ದರೂ ಅವರನ್ನೇ ಕೇಳುತ್ತೇವೆ. ಬಹಳ ಮಂದಿ ಬೇಡ ಎನ್ನುತ್ತಾರೆ. ಬೇಡ ಎನ್ನುವುದು ಇಷ್ಟು ಸಹಜವೆಂದು ನಮಗೆ ಗೊತ್ತೇ ಇರಲಿಲ್ಲ, ಏಕೆಂದರೆ ನಾವು ಕೇಳಿಯೇ ಇರಲಿಲ್ಲ.

ಮೊನ್ನೆ ರಾಣೆಬೆನ್ನೂರಿನ ಸಭೆಗೆ ಹೊಸದಾಗಿ ಒಬ್ಬಾಕೆ ಬಂದಿದ್ದಳು, ಕುಮಾರಪಟ್ಟಣದ ಕಡೆ ಶಾಲೆಯೊಂದರ ಸಮಾಲೋಚಕಿ. ಉತ್ಸಾಹದವಳು. ದುಃಖದ ಬಗ್ಗೆ ಮಾತು ಬಂದಾಗ, “ನಮ್ಮ ಕಡೆ ಹಿರ್ಯಾರ ಹೇಳೂ ಒಂದ ಹಳೇ ಮಾತೈತ್ರಿ” ಎಂದು ಆ ವಾಕ್ಯ ಹೇಳಿದಳು. ಒಂದು ಶಬ್ದ ಬದಲಾಗಿತ್ತು. ಪ್ರಾಧ್ಯಾಪಕರು ನೆಲ ನೋಡಿದರು.

“ಅದು ಹಿರ್ಯಾರ ಮಾತಲ್ಲ” ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

“ಹೌದ್ರಿ? ಹಂಗಾರ ಯಾರದ್ರಿ ಅದು?” ಎಂದು ಆಕೆ ಬರೆದುಕೊಳ್ಳಲು ಪೆನ್ನು ತೆಗೆದಳು.

ಆಕೆಯ ಮುಂದಿದ್ದ ವಹಿಯನ್ನು ನಾನು ಕೈ ಚಾಚಿ ಮುಚ್ಚಿದೆ.