ಅಪ್ಪನ ದನಿಯನ್ನು ಕಡೆಗಿಟ್ಟಿದ್ದ ರಾಣಿ

ಬೆಳಕು ಹರಿಯುವ ಮುಂಚೆಯೇ ಎಚ್.ಡಿ. ಕೋಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಶಟರ್ ಅರ್ಧಕ್ಕೆ ಏಳುತ್ತದೆ. ರಾಣಿ ಬಗ್ಗಿ ಒಳಹೋಗುತ್ತಾರೆ. ಮೂಲೆಯ ಹಳೆಯ ಕಂಪ್ಯೂಟರಿನ ಮೇಲೆ ಹೊದಿಸಿದ ಟವೆಲ್ ತೆಗೆದು ಸ್ವಿಚ್ ಒತ್ತುತ್ತಾರೆ. ಅದು ಗೊರಗೊರ ಅಂದು ತೆರೆ ಬೆಳಗುವ ತನಕ ಕೈಕಟ್ಟಿ ನಿಂತಿರುತ್ತಾರೆ.

"ಇವತ್ತೂ ಎದ್ದ ಪುಣ್ಯಾತ್ಮ. ಇವ್ನು ಮಲಗ್ಬುಟ್ರೆ ನಮ್ಮೂರು ಇನ್ನೊಂದ್ ಸಲ ಮುಳುಗ್ದಂಗೆ ಕಣ್ರೀ."

ಅವರ ಊರು ಕೆಂಚನಕಟ್ಟೆ ಬೀಚನಹಳ್ಳಿ ಅಣೆಕಟ್ಟಿನ ಹಿನ್ನೀರಿನಡಿ ಇದೆ. ರಾಣಿ ಅದನ್ನು ಕಣ್ಣಾರೆ ಕಂಡವರಲ್ಲ. ನೀರು ಬಂದಾಗ ಜನ ಹುಣಸೂರು, ಪಿರಿಯಾಪಟ್ಟಣದ ಕಡೆ ಚದುರಿಹೋದರು. ಮೈಸೂರಿನಲ್ಲಿ ಟೈಪಿಂಗ್ ಕಲಿತು ಬಂದ ರಾಣಿ ಹೊಟ್ಟೆಪಾಡಿಗೆ ಈ ಅಂಗಡಿ ಇಟ್ಟರು. ಹಗಲೆಲ್ಲ ಅರ್ಜಿ, ಲಗ್ನಪತ್ರಿಕೆ, ಪರೀಕ್ಷೆಯ ಫಲಿತಾಂಶ. ಅದರ ನಡುವೆಯೇ, ಎಂಟು ವರ್ಷದ ಹಿಂದೆ, ಅಪ್ಪ ಮರಿಯಯ್ಯನವರನ್ನು ಜೊತೆಗೆ ಕರೆದುಕೊಂಡು ಊರಿನ ಹಿರಿಯರ ಮನೆಮನೆಗೆ ಹೋದರು. ಯಾರ ಹಟ್ಟಿ ಎಲ್ಲಿತ್ತು, ಯಾವ ಹೊಲಕ್ಕೆ ಏನು ಹೆಸರು, ಸೌದೆ ತರಲು ಯಾವ ದಾರಿ ಹಿಡಿಯುತ್ತಿದ್ದರು, ಎಲ್ಲವನ್ನೂ ಕೇಳಿ ಟೇಪಿನಲ್ಲಿ ಹಿಡಿದರು. ಅದನ್ನು ಟೈಪು ಮಾಡಿ, ಪುಕ್ಕಟೆ ಜಾಗ ಕೊಡುವ ಕಂಪನಿಯೊಂದರಲ್ಲಿ ಊರಿನ ಹೆಸರಿನ ಜಾಲತಾಣ ಕಟ್ಟಿ, ಒಬ್ಬೊಬ್ಬರಿಗೂ ಒಂದೊಂದು ಪುಟ ಮಾಡಿ, ಅವರ ಧ್ವನಿಯನ್ನೂ ಅಲ್ಲಿ ಕೇಳುವಂತೆ ಮಾಡಿದರು. ಕ್ಯಾಸೆಟ್ ಕೊಳ್ಳಲು ಕಾಸು ಸಾಲದೆ ಒಂದರ ಮೇಲೇ ಇನ್ನೊಂದನ್ನು ತುಂಬಿಕೊಳ್ಳುತ್ತಿದ್ದರಿಂದ ಮೂಲ ಧ್ವನಿಗಳು ಮನೆಯಲ್ಲಿ ಉಳಿಯಲಿಲ್ಲ. ಉಳಿದದ್ದೆಲ್ಲ ಅಂತರ್ಜಾಲದಲ್ಲೇ.

ಆ ಕಾಲದ ಕನ್ನಡ ಅಕ್ಷರ ಕಾಣುತ್ತಿದ್ದದ್ದು ಆ ಕಾಲದ ಬ್ರೌಸರ್‌ನಲ್ಲಿ ಮಾತ್ರ. ಹೊಸ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆಗಳ ಕಲಸುಮೇಲೋಗರ. ಹಳೆಯ ಬ್ರೌಸರಿಗೆ, ಆ ಅಕ್ಷರಗಳಿಗೆ ಇನ್ನು ಯಾರೂ ವಾರಸುದಾರರಿಲ್ಲ. ಅದರ ಮೇಲೆ ಈ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ಜಾಗ ಕೊಟ್ಟಿದ್ದ ಕಂಪನಿಯೂ ಅಕ್ಟೋಬರಿಗೆ ಬಾಗಿಲು ಹಾಕುವುದಾಗಿ ಇಂಗ್ಲಿಷಿನಲ್ಲಿ ಇಮೇಲ್ ಕಳಿಸಿತು.

ರಾಣಿ ಕಂಗಾಲಾಗಲಿಲ್ಲ. ಯಾರ ಪುಟ ಮೊದಲು ಎಂದು ಮನಸ್ಸಿನಲ್ಲೇ ಸರದಿ ಮಾಡಿಕೊಂಡರು. ತೀರಿಹೋದವರದು ಮೊದಲು, ಆಮೇಲೆ ಹಣ್ಣಾದ ಜೀವಗಳದು. ಹಳೆಯ ಯಂತ್ರದಲ್ಲಿ ಓದಿ ಪಕ್ಕದ ಹೊಸದರಲ್ಲಿ, ಎಲ್ಲ ಕಂಪ್ಯೂಟರಿನಲ್ಲೂ ಕಾಣುವ ಯೂನಿಕೋಡ್ ಅಕ್ಷರದಲ್ಲಿ ಮತ್ತೆ ಟೈಪು ಮಾಡುವುದು, ಅವರ ಧ್ವನಿಯನ್ನು ಇಳಿಸಿಕೊಂಡು ಸಿ.ಡಿ.ಗೆ ಹಾಕುವುದು. ಹಗಲು ಗಿರಾಕಿಗಳು ಬಿಡುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಬೆಳಗಿನ ಜಾವ.

ಮರಿಯಯ್ಯನವರ ಪುಟದಲ್ಲಿ ಬರಹವೆಂದರೆ ನಾಲ್ಕೇ ಸಾಲು. ಮಿಕ್ಕದ್ದೆಲ್ಲ ಅವರ ಮಾತು. ಅದರ ಸರದಿ ಕಟ್ಟಕಡೆಗೆ ಬಂದದ್ದು ಅವರದೇ ಮಾತಿನಿಂದ.

"ನಂದ್ಯಾಕವ್ವ ಅವಸ್ರ? ನಾನ್ ಮನೇಲೇ ಇವ್ನಲ್ಲಾ, ಯಾವಾಗ ಬೇಕಾರೂ ಯೋಳ್ತೀನಿ. ಮೊದ್ಲು ದೂರದೋರದ್ದು ಮಾಡು," ಅಂದಿದ್ದರಂತೆ.

ಆಷಾಢದಲ್ಲಿ ಅವರಿಗೆ ಲಕ್ವ ಹೊಡೆಯಿತು. ಮೈಸೂರಿನ ಆಸ್ಪತ್ರೆಯಿಂದ ಜೀವ ಮನೆಗೆ ಬಂತು, ಮಾತು ಬರಲಿಲ್ಲ. ಅಂಗಡಿಗೆ ಮರಳಿದ ಮೊದಲ ಬೆಳಗ್ಗೆ ರಾಣಿ ಸರದಿ ಮುರಿದು ಅಪ್ಪನ ಪುಟವನ್ನೇ ತೆರೆದರು. ನಾಲ್ಕು ಸಾಲು ಇದ್ದವು. ಧ್ವನಿ ಇರಲಿಲ್ಲ. ಎಷ್ಟು ಸಲ ಒತ್ತಿದರೂ ಇರಲಿಲ್ಲ. ಜಾಗ ಸಾಲದೆ ಪುಟ ಒಂದು ಕಂಪನಿಯಲ್ಲಿ, ಧ್ವನಿ ಇನ್ನೊಂದರಲ್ಲಿ ಇಟ್ಟಿದ್ದರು. ಧ್ವನಿಯ ಕಂಪನಿ ಅಷ್ಟರಲ್ಲಾಗಲೇ ಮುಚ್ಚಿಹೋಗಿತ್ತು.

"ಅವ್ರೂ ಮೇಲ್ ಕಳ್ಸಿದ್ರು ಸಾ. ಎರಡೂ ಇಂಗ್ಲಿಷು, ಎರಡೂ ಒಂದೇ ತರ ಕಂಡ್ವು. ಇದೂ ಅದೇ ಕಂಪನೀದು, ಅಕ್ಟೋಬರ್‌ಗಂಟ ಟೈಮೈತೆ ಅನ್ಕಂಡೆ." ರಾಣಿ ಸೆರಗಿನಿಂದ ಕೀಬೋರ್ಡಿನ ಧೂಳು ಒರೆಸುತ್ತಾರೆ. ಧೂಳೇನೂ ಇಲ್ಲ. "ಮನೇಗೋಗಿ ಅಳಾಕೂ ಆಗ್ನಿಲ್ಲ. ಅಪ್ಪ ಮುಖಾನೇ ನೋಡ್ತಾ ಕುಂತಿದ್ರು."

ಶ್ರಾವಣದಲ್ಲಿ ಪಿರಿಯಾಪಟ್ಟಣದ ಕಡೆಯಿಂದ ಪುಟ್ಟಸಿದ್ದಮ್ಮ ಎಂಬ ಮುದುಕಿ ಬಂದರು. ತೀರಿಕೊಂಡ ಗಂಡ ಸಣ್ಣಬೀರಯ್ಯನ ದನಿ ಕೇಳಬೇಕಿತ್ತು. ಅದು ತೀರಿಹೋದವರ ಮೊದಲ ಸರದಿಯಲ್ಲೇ ಸಿ.ಡಿ.ಗೆ ಇಳಿದಿತ್ತು. ರಾಣಿ ಸಿ.ಡಿ. ಹಾಕಿದರು. ಸಣ್ಣಬೀರಯ್ಯ ಊರಬಾವಿಯ ಮಾತಿಗೆ ಬಂದಾಗ ನಡುವೆ ಇನ್ನೊಂದು ದನಿ ನುಗ್ಗಿತು: "ಥೂ, ಅಲ್ಲಲ್ಲ ಕಣ್ಲಾ! ಬಾವಿ ಆಚೆಗಿತ್ತು!" ಹಿಂದೆಯೇ ಒಂದು ನಗು.

"ಅಯ್ಯೋ, ನಿಮ್ಮಪ್ಪ ಅಲ್ವೇನವ್ವ ಇದು?" ಅಂದರು ಪುಟ್ಟಸಿದ್ದಮ್ಮ. ರಾಣಿ ಅದೇ ಜಾಗಕ್ಕೆ ಹಿಂದೆ ಸರಿಸಿ ಮತ್ತೆ ಹಾಕಿದರು.

ಅವತ್ತು ಸಂಜೆ ಪಕ್ಕದ ಮನೆಯ ಪ್ಲೇಯರ್ ತಂದು ಅಪ್ಪನ ಮಂಚದ ಹತ್ತಿರ ಆ ಸಿ.ಡಿ. ಹಾಕಿದರು. ತಮ್ಮದೇ ಮಾತು ಬಂದಾಗ ಮರಿಯಯ್ಯ ಅಲುಗಾಡಲಿಲ್ಲ. ಸಣ್ಣಬೀರಯ್ಯನ ದನಿ ಮುಂದುವರಿದಾಗ ಮಾತ್ರ ಕತ್ತು ತಿರುಗಿಸಿ, ಗೆಳೆಯ ಬಂದನೇನೋ ಎಂದು ಬಾಗಿಲ ಕಡೆ ನೋಡಿದರು. ಬಹಳ ಹೊತ್ತು ನೋಡುತ್ತಲೇ ಇದ್ದರು.

ಅಕ್ಟೋಬರಿಗೆ ಇನ್ನು ಹೆಚ್ಚು ದಿನವಿಲ್ಲ. ಉಳಿದ ಧ್ವನಿಗಳು ಹೋದವು. ಬರಹವನ್ನಾದರೂ ದಡ ಮುಟ್ಟಿಸಬೇಕು ಎಂದು ರಾಣಿ ಟೈಪು ಮಾಡುತ್ತಿದ್ದಾರೆ. ಹೊರಗೆ ಹುಣಸೂರು ಬಸ್ಸಿನ ಕಂಡಕ್ಟರ್ ಕೂಗುತ್ತಾನೆ. ಶಟರ್ ಪೂರ್ತಿ ಏರಿಸುವ ಹೊತ್ತು. ಏನಾದರೂ ಆಸೆ ಇದೆಯೇ ಎಂದರೆ ತೆರೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

"ಮುಚ್ಚೋರು ಮುಚ್ಚಲಿ ಬುಡಿ ಸಾ, ಅವ್ರ್ ಅಂಗ್ಡಿ ಅವ್ರಿಷ್ಟ. ಮುಚ್ಚೋಕ್ ಮುಂಚೆ ಕನ್ನಡ್ದಲ್ಲಿ ಒಂದ್ ಮಾತ್ ಯೋಳ್ಲಿ. ನಮ್ಮೋರ್ನ ನಾವ್ ಬಂದು ಕರ್ಕಂಡೋಯ್ತೀವಿ."