ಭಾವನ ತೋಳಿನ ಕೆಂಪು ಗೆರೆಗಳು

ಭಾವನಿಗೆ ಫಿಟ್ಸ್ ಬರಬಹುದಿತ್ತು. ಮಿದುಳು ಬಾತುಕೊಳ್ಳಬಹುದಿತ್ತು. ನಾಲಿಗೆ ತೊದಲಬಹುದಿತ್ತು, ಅಕ್ಕನನ್ನೇ ನೋಡಿ ಇವಳ್ಯಾರು ಎಂದು ಕೇಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮಾತ್ರೆ ಕೊಡುವ ಹೊಣೆ ಹೊತ್ತ ನಾನು ಒಂದು ಹೊತ್ತು ಮರೆಯಬಹುದಿತ್ತು. ಇಲ್ಲವೇ ಕೊಟ್ಟದ್ದನ್ನು ಮರೆತು ಎರಡು ಸಲ ಕೊಡಬಹುದಿತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಓಡುವ ಮನುಷ್ಯ ನಾನು.

ಜಡೆ ಎಂಬ ಊರಿನಲ್ಲಿ ಕುರಿ ಸಾಕಿರುವ ಭಾವನನ್ನು ಅವರದೇ ಟಗರು ಹಿಂದಿನಿಂದ ಗುದ್ದಿ ಕೆಡವಿತ್ತು. ತಲೆ ಕಲ್ಲುತೊಟ್ಟಿಗೆ ಬಡಿದು ಒಳಗೆ ಸ್ವಲ್ಪ ರಕ್ತ ಕಟ್ಟಿತ್ತು. ಎರಡು ದಿನ ಇಟ್ಟುಕೊಂಡು ಆಸ್ಪತ್ರೆಯಿಂದ ಬಿಡುವಾಗ ನಾನು ಡಾಕ್ಟರಮ್ಮನಿಗೆ ಮೊಬೈಲಿನಲ್ಲಿ ಬಂದ ಒಂದು ಸುದ್ದಿ ತೋರಿಸಿದೆ. ಪೆಟ್ಟಾದ ಮಿದುಳನ್ನೂ ಬೆನ್ನುಹುರಿಯನ್ನೂ ಉಳಿಸುವ ಹೊಸ ಔಷಧವಂತೆ, ಅದನ್ನೇ ಕೊಡಬಹುದಲ್ಲ?

"ಇಲಿಗೆ ಗುಣವಾದ ಔಷಧ ಬೇಕಾದಷ್ಟಿವೆ ರೀ," ಎಂದರು. "ನಿಮ್ಮ ಭಾವ ಇಲಿ ಅಲ್ವಲ್ಲ."

ಆಗಿರುವ ಪೆಟ್ಟನ್ನು ಯಾವ ಮಾತ್ರೆಯೂ ವಾಪಸ್ ತೆಗೆಯುವುದಿಲ್ಲ; ಈ ಮಾತ್ರೆ ಫಿಟ್ಸ್ ಬಂದು ಇನ್ನೊಂದು ಪೆಟ್ಟಾಗದಂತೆ ಕಾಯುತ್ತದೆ, ಅಷ್ಟೇ; ಇನ್ನು ಐದು ದಿನ ಬೆಳಿಗ್ಗೆ ಸಂಜೆ ಒಂದೊಂದು, ತಪ್ಪಿಸಬಾರದು ಎಂದು ತಿಳಿಸಿ ಹೇಳಿದರು. ಅಕ್ಕನಿಗೆ ಕುರಿಗಳ ಹಿಂದೆ ಹೋಗಬೇಕು. ನಾನು ಆಫೀಸಿಗೆ ರಜೆ ಹಾಕಿ ಶಿಕಾರಿಪುರದಿಂದ ಬಂದು ಕೂತೆ.

ಜಂತುಹುಳದ ಔಷಧ ಕುಡಿಸಿದ ಕುರಿಯ ಬೆನ್ನಿಗೆ ಅಕ್ಕ ಕೆಂಪು ಬಣ್ಣ ಬಳಿಯುತ್ತಾಳೆ, ಅದಕ್ಕೇ ಮತ್ತೆ ಕುಡಿಸದಿರಲಿ ಎಂದು. ಇದಕ್ಕಿಂತ ಭದ್ರವಾದ ಗುರುತು ನನಗೆ ಕಾಣಲಿಲ್ಲ. ಭಾವ ಮಾತ್ರೆ ನುಂಗಿದಾಗಲೆಲ್ಲ ಆ ಬಣ್ಣದ ಡಬ್ಬಿಗೇ ಕಡ್ಡಿ ಅದ್ದಿ ಅವರ ತೋಳಿಗೊಂದು ಗೆರೆ ಎಳೆದೆ. ಭಾವ ತೋಳು ಚಾಚಿದರು. ಕಿವಿಗೂ ಒಂದು ನಂಬರಿನ ಓಲೆ ಹೊಡೆದುಬಿಡು, ಕುರಿಗಳ ಜತೆ ನನ್ನ ಇನ್ಶೂರೆನ್ಸೂ ಆಗಲಿ ಎಂದರು.

ಐದನೆಯ ದಿನ ಸಂಜೆ ಕೊನೆಯ ಮಾತ್ರೆ ಕೊಟ್ಟು, ಗೆರೆ ಎಳೆದು ಎಣಿಸಿದೆ. ಒಂಬತ್ತೇ. ಇನ್ನೊಂದು ಸಲ ಎಣಿಸಿದೆ. ಮಾತ್ರೆಯ ಹಾಳೆ ನೋಡಿದರೆ ಹತ್ತೂ ಖಾಲಿ. ಒಂದು ನೆಲಕ್ಕೆ ಬಿದ್ದಿರಬೇಕು, ಕುರಿ ತಿಂದಿರಬೇಕು, ಭಾವನಿಗೆ ಇನ್ನೇನು ಫಿಟ್ಸ್ ಬರಬೇಕು. ಸೊರಬದ ಆಸ್ಪತ್ರೆಗೆ ಹೋಗಲು ಕಾರು ಯಾರ ಹತ್ತಿರ ಸಿಗುತ್ತದೆ ಎಂದು ಅಕ್ಕನನ್ನು ಕೇಳುವಾಗ ನನ್ನದೇ ನಾಲಿಗೆ ತೊದಲುತ್ತಿತ್ತು.

ಭಾವ ತೋಳು ತಿರುಗಿಸಿ ಗೆರೆಗಳನ್ನು ನೋಡಿದರು.

"ಮೊನ್ನೆ ಸಂಜೆದು ಮಾರಾಯ. ನಾನು ಮಾತ್ರೆ ನುಂಗ್ದೆ, ನೀನು ಕಡ್ಡಿ ಅದ್ದಿದೆ, ಅಷ್ಟರಲ್ಲಿ ಟಗರು ಬಂತು. ಕಡ್ಡಿ ಹಿಂದಿನ ಜೇಬಿಗೆ ತುರುಕ್ಕಂಡು ಓಡ್ದೆಯಲ್ಲ."

ಗೂಟಕ್ಕೆ ನೇತುಹಾಕಿದ್ದ ಪ್ಯಾಂಟನ್ನು ತಿರುಗಿಸಿ ನೋಡಿದೆ. ಆಫೀಸಿಗೆಂದು ಹೊಸದಾಗಿ ಹೊಲಿಸಿದ್ದು, ಕೆನೆ ಬಣ್ಣದ್ದು. ಹಿಂಜೇಬಿನಲ್ಲಿ ಕಡ್ಡಿ ಇನ್ನೂ ಇತ್ತು. ಹತ್ತನೆಯ ಗೆರೆಯೂ ಅಲ್ಲೇ ಇತ್ತು. ಎಷ್ಟು ಒಗೆದರೂ ಹೋಗಲಿಲ್ಲ.