ನಾನು ಸರಿಪಡಿಸಿದ ಬೆರಳು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಂದು ಭಾನುವಾರ ಎಂದು ನನ್ನ ನೆನಪು. ಚಿಕ್ಕಮ್ಮ ಶನಿವಾರ ಎನ್ನುತ್ತಾರೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿದ್ದೇನೆ, ಆದರೆ ಬರೆಯಲೇಬೇಕಾದ ದಿನಗಳಲ್ಲೇ ಒಂದೆರಡು ಸಾಲಿಗೆ ಮುಗಿಸಿರುತ್ತೇನೆ. ಇನ್ನೊಂದು ಮಾತು. ಇಂಥ ಅನುಭವಗಳನ್ನು ಹೇಳುವವರನ್ನು ನಾನು ಎಂದೂ ನಂಬಿದವಳಲ್ಲ. ಯಾರಾದರೂ ಶುರು ಮಾಡಿದರೆ ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ನೀವೂ ಹಾಗೆ ಎದ್ದು ಹೋದರೆ ನನಗೆ ಬೇಸರವಿಲ್ಲ.

ಮಕ್ಕಳ ಪಾಠಗಳಿಗೆ ಎಐ ಬಳಸಿ ಚಿತ್ರ ತಯಾರಿಸುವುದು ನನ್ನ ಕೆಲಸ. ಯಂತ್ರ ತಾನಾಗಿ ಕೊಡುವ ಚಿತ್ರಗಳಲ್ಲಿ ಎಲ್ಲರೂ ಈಗಷ್ಟೇ ಮದುವೆಗೆ ಹೊರಟವರ ಹಾಗೆ ಹೊಳೆಯುತ್ತಿರುತ್ತಾರೆ. ಅಡುಗೆಮನೆಯ ಗೋಡೆಯಲ್ಲಿ ಒಂದು ಒಗ್ಗರಣೆ ಕಲೆಯೂ ಇರುವುದಿಲ್ಲ. ಅವನ್ನು ಪಕ್ಕದ ಮನೆಯವರು ಮೊಬೈಲಿನಲ್ಲಿ ಆತುರಕ್ಕೆ ತೆಗೆದ ಫೋಟೊದಂತೆ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಬೆಳಕು ಒಂದೇ ಕಡೆಯಿಂದ ಬೀಳಲಿ, ಚಿತ್ರ ಚೂರು ವಾಲಲಿ, ಹಿಂದೆ ಒಣಹಾಕಿದ ಟವೆಲ್ ಇರಲಿ, ಯಾರದೋ ಮೊಣಕೈ ಅಂಚಿನಲ್ಲಿ ಅರ್ಧ ಕಾಣಲಿ ಎಂದೆಲ್ಲ ಬರೆದು ಕೊಡುತ್ತಿದ್ದೆ. ಕೊನೆಯಲ್ಲಿ ಕೈಗಳನ್ನು ನೋಡುತ್ತಿದ್ದೆ. ಬೆರಳುಗಳಲ್ಲಿ ಯಂತ್ರ ಆಗಾಗ ಎಡವುತ್ತದೆ. ಆರು ಬರೆಯುತ್ತದೆ, ಇಲ್ಲವೇ ಎರಡನ್ನು ಅಂಟಿಸಿಬಿಡುತ್ತದೆ. ಬೆರಳು ಸರಿಪಡಿಸದೆ ನಾನು ಯಾವ ಚಿತ್ರವನ್ನೂ ಕಳಿಸಿದವಳಲ್ಲ.

ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಬಸವೇಶ್ವರನಗರದಲ್ಲಿದ್ದಾರೆ. ಅವರ ನಡುಮನೆಯ ಗೋಡೆಯಲ್ಲಿ ಅಜ್ಜಿಯ ಒಂದೇ ಒಂದು ಫೋಟೊ ಇದೆ. ಗಂಡ ತೀರಿಕೊಂಡ ಮೇಲೆ ಅಜ್ಜಿ ಕ್ಯಾಮೆರಾ ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದರಂತೆ. ಶುಭಕಾರ್ಯದ ಫೋಟೊದಲ್ಲಿ ತಾನ್ಯಾಕೆ ಎಂದು ಯಾರಾದರೂ ಹೇಳುವ ಮೊದಲೇ ಸರಿಯುತ್ತಿದ್ದರಂತೆ. ಉಳಿದದ್ದು ಯಾವುದೋ ಗುರುತಿನ ಚೀಟಿಗೆ ತೆಗೆಸಿದ, ಭುಜದವರೆಗಿನ ಚಿತ್ರ ಮಾತ್ರ. ಅವರು ಹೋದ ಮೇಲೆ ರಾಜಾಜಿನಗರದ ಸ್ಟುಡಿಯೊ ಒಂದರಲ್ಲಿ ಅದನ್ನೇ ದೊಡ್ಡದು ಮಾಡಿ, ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು ಬಳಿದು ಕೊಟ್ಟಿದ್ದರು.

“ಮೂವತ್ತು ವರ್ಷದ ಮೇಲಾಯ್ತು ಕಣೇ, ಇದನ್ನೇ ನೋಡಿ ನೋಡಿ,” ಎಂದರು ಚಿಕ್ಕಮ್ಮ ಒಮ್ಮೆ. “ಈಗ ಕಣ್ಣು ಮುಚ್ಚಿದ್ರೂ ಈ ಬಣ್ಣ ಬಳ್ಕೊಂಡಿರೋ ಹೆಂಗಸೇ ಬರ್ತಾಳೆ. ನಮ್ಮಮ್ಮನ ಮುಖ ಎಲ್ಲೋ ಹೋಗ್ಬಿಡ್ತು. ನೀನು ಅದೇನೋ ಮಾಡ್ತೀಯಲ್ಲ, ಅಮ್ಮ ಮನೇಲಿ ಇರ್ತಿದ್ದ ಹಾಗೆ ಒಂದು ಮಾಡ್ಕೊಡೇ.”

“ಅದು ನಿಜವಾದ ಫೋಟೊ ಆಗಲ್ಲ ಚಿಕ್ಕಮ್ಮ.”

“ಇದು ನಿಜಾನಾ ಹಂಗಾದ್ರೆ?” ಎಂದು ಗೋಡೆಯ ಕಡೆ ಮೂತಿ ತಿರುವಿದರು.

ನನಗೆ ಅಜ್ಜಿಯ ನೆನಪಿಲ್ಲ. ಅಮ್ಮ ಅವರ ಮಾತು ಮೀರಿ ಮದುವೆಯಾಗಿ ಕೆಂಗೇರಿಗೆ ಬಂದವಳು. ಅಜ್ಜಿ ನಮ್ಮ ಹೊಸ್ತಿಲು ತುಳಿಯಲಿಲ್ಲ, ನಾನು ಹುಟ್ಟಿದಾಗಲೂ ಬರಲಿಲ್ಲ, ನನಗೆ ಎರಡು ತುಂಬುವ ಮೊದಲೇ ತೀರಿಕೊಂಡರು ಎಂದು ಅಮ್ಮ ಹೇಳುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಈಗ ಅಮ್ಮನೂ ಇಲ್ಲ.

ಅದು ಅವರೆಕಾಯಿ ಕಾಲ. ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿರಲಿ ಎಂದು ಬರೆದೆ. ಬಣ್ಣ ಹಚ್ಚದ ಹಳೆಯ ಚಿಕ್ಕ ಫೋಟೊವನ್ನು ಯಂತ್ರಕ್ಕೆ ಕೊಟ್ಟೆ. ಹತ್ತಾರು ಚಿತ್ರಗಳಲ್ಲಿ ಅಜ್ಜಿ ಜಾಹೀರಾತಿನ ಅಜ್ಜಿಯಾಗಿ ನಕ್ಕರು. ಆಮೇಲೆ ಒಂದು ಬಂತು. ಯಾರೋ ಕೂಗಿದ್ದಕ್ಕೆ ತಲೆಯೆತ್ತಿದಂತೆ, ಅರ್ಧ ಸಿಡುಕು, ಅರ್ಧ ಪ್ರೀತಿ. ನಾನು ನೋಡದ ಹೆಂಗಸು ನನ್ನನ್ನು ಗುರುತು ಹಿಡಿದ ಹಾಗಿತ್ತು. ಆದರೆ ಎಡಗೈಯಲ್ಲಿ ಒಂದು ಬೆರಳು ಅರ್ಧಕ್ಕೇ ನಿಂತಿತ್ತು. ಯಂತ್ರದ ಮಾಮೂಲಿ ತಪ್ಪು ಅಂದುಕೊಂಡು ಅಷ್ಟು ಭಾಗವನ್ನು ಮತ್ತೆ ಬರೆಸಿದೆ. ಹಳೆಯದನ್ನು ಅಭ್ಯಾಸಬಲದಿಂದ ಅಳಿಸಿಹಾಕಿದೆ. ದಿನಚರಿಯಲ್ಲಿ ಇಷ್ಟೇ ಇದೆ: “ಅಜ್ಜಿ ಚೆನ್ನಾಗಿ ಬಂದರು. ಎಡಗೈ ಬೆರಳೊಂದು ಮೋಟು. ಸರಿಪಡಿಸಿದೆ.”

ಪ್ರಿಂಟ್ ಹಾಕಿಸಿಕೊಂಡು ಮಧ್ಯಾಹ್ನ ಬಸವೇಶ್ವರನಗರಕ್ಕೆ ಹೋದೆ. ಚಿಕ್ಕಮ್ಮನೂ ಅವರೆಕಾಳಿನ ಬೇಸಿನ್ ಮುಂದಿಟ್ಟುಕೊಂಡು ಕೂತಿದ್ದರು. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು.

“ಅಯ್ಯೋ, ಅಮ್ಮ!” ಎಂದು ನಕ್ಕರು. ಕಣ್ಣಲ್ಲಿ ನೀರೂ ಬಂತು. “ಬೈಯೋಕ್ ಮುಂಚೆ ಹಿಂಗೇ ನೋಡೋರು ಕಣೇ.” ಕನ್ನಡಕ ಹಾಕಿಕೊಂಡು ಇನ್ನಷ್ಟು ಹತ್ತಿರ ಹಿಡಿದರು. ನಗು ನಿಂತಿತು.

“ಬೆರಳು ಯಾಕೆ ನೆಟ್ಟಗಿದೆ?”

ಯಾವ ಬೆರಳು ಎಂದು ಕೇಳಿದೆ. ಎಡಗೈಯ ಉಂಗುರದ ಬೆರಳನ್ನು ಮುಟ್ಟಿ ತೋರಿಸಿದರು. “ರುಬ್ಬೋ ಗುಂಡಿಗೆ ಸಿಕ್ಕಿ ಅರ್ಧ ಹೋಗಿತ್ತಲ್ಲ. ಯಾರಿಗೂ ಕಾಣದ ಹಾಗೆ ಆ ಕೈನ ಯಾವಾಗ್ಲೂ ಸೆರಗೊಳಗೇ ಇಟ್ಕೊಳ್ಳೋರು. ನಿಮ್ಮಮ್ಮ ಹೇಳಿರ್ಲಿಲ್ವಾ?”

ಹೇಳಿರಲಿಲ್ಲ. ನಡೆದದ್ದನ್ನು ಹೇಳಿದೆ. ನಾನು ಹೆದರಿದ ಹಾಗೆ ಅವರು ಹೆದರಲಿಲ್ಲ.

“ಸರಿಯಾಗಿ ಬಂದಿದ್ದನ್ನ ನೀನೇ ಕೆಡಿಸ್ದಾ?” ಎಂದರು. “ಆ ಸ್ಟುಡಿಯೊದವನಿಗಿಂತ ನೀನೇ ವಾಸಿ ಅಂದ್ಕೊಂಡಿದ್ದೆ!”

ಆ ವಾರವೆಲ್ಲ ಆ ಬೆರಳನ್ನು ಮರಳಿ ತರಲು ಒದ್ದಾಡಿದೆ. ಅರ್ಧ ಬೆರಳು ಎಂದು ಎಷ್ಟು ಬಗೆಯಲ್ಲಿ ಬರೆದರೂ ಯಂತ್ರ ಐದು ಪೂರ್ತಿ ಬೆರಳುಗಳನ್ನೇ ಕೊಟ್ಟಿತು, ನಾನು ಕಲಿಸಿದ ಪಾಠವನ್ನು ನನಗೇ ಒಪ್ಪಿಸುವಂತೆ. ಕೈಯಿಂದ ತಿದ್ದಬಹುದಿತ್ತು. ಚಿಕ್ಕಮ್ಮ ಬೇಡವೆಂದರು. ಈಗ ಆ ಪ್ರಿಂಟು ಅವರ ಹಾಸಿಗೆಯ ಪಕ್ಕದಲ್ಲಿದೆ. ನೋಡುವಾಗ ಆ ಬೆರಳಿನ ಮೇಲೆ ತಮ್ಮ ಹೆಬ್ಬೆರಳನ್ನು ಇಟ್ಟುಕೊಂಡು ನೋಡುತ್ತಾರೆ. ಕಣ್ಣು ಮುಚ್ಚಿದರೆ ಈಗ ತಮ್ಮಮ್ಮನೇ ಬರುತ್ತಾರಂತೆ.

ಯಂತ್ರ ಎಡವುತ್ತದೆ, ಆ ಸಲ ಸರಿಯಾದ ಜಾಗದಲ್ಲಿ ಎಡವಿತು ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಕಂಡದ್ದು ಉಂಗುರದ ಬೆರಳೇ ಎನ್ನುವುದಕ್ಕೂ ಸಾಕ್ಷಿಯಿಲ್ಲ. ದಿನಚರಿಯಲ್ಲಿ ‘ಬೆರಳೊಂದು’ ಎಂದಷ್ಟೇ ಇದೆ. ಚಿಕ್ಕಮ್ಮ ತೋರಿಸಿದ ಮೇಲೆ ನನ್ನ ನೆನಪು ಅದೇ ಬೆರಳಿಗೆ ಹೋಗಿ ಕೂತಿರಬಹುದು. ಅಲ್ಲಿಗೇ ಬಿಡುತ್ತಿದ್ದೆ. ಆದರೆ ಚಿತ್ರ ಅಳಿಸಿದ್ದರೂ ಯಂತ್ರಕ್ಕೆ ನಾನು ಬರೆದುಕೊಟ್ಟ ವಿವರಣೆ ಉಳಿದಿತ್ತು. ಮತ್ತೆ ಓದಿದೆ. ಮೆಟ್ಟಿಲು, ಬೇಸಿನ್, ವಾಲಿದ ಚೌಕಟ್ಟು ಎಲ್ಲ ಇತ್ತು. ಯಂತ್ರ ಪಾಲಿಸದೆ ಬಿಟ್ಟಿದ್ದ ಕೊನೆಯ ಸಾಲು ಹೀಗಿತ್ತು: “ಎಡಗೈ ಸೆರಗಿನಲ್ಲಿ ಅರ್ಧ ಮರೆಯಾಗಿರಲಿ.”

ಅದನ್ನು ಬರೆದದ್ದು ನಾನೇ. ಯಾಕೆ ಬರೆದೆ ಎಂದು ತಿಳಿಯದು. ಎರಡು ಕೈಯೂ ಬೇಕಾದ ಕೆಲಸದಲ್ಲಿರುವವರ ಒಂದು ಕೈಯನ್ನು ಯಾರಾದರೂ ಮರೆಮಾಡಿಸುತ್ತಾರೆಯೇ?

ಈ ವರ್ಷದ ಅವರೆಕಾಯಿ ಬಂದಾಗ ಚಿಕ್ಕಮ್ಮನ ಎದುರು ಕೂತು ಹಿತುಕುತ್ತ ಕೇಳಿಯೇಬಿಟ್ಟೆ. ಅವರು ತಲೆಯೆತ್ತಲಿಲ್ಲ, ಸಿಪ್ಪೆಯ ಬಟ್ಟಲನ್ನು ನನ್ನ ಕಡೆ ತಳ್ಳಿದರು, ಅಷ್ಟೇ. ಆಮೇಲೆ ಫೋನಿನಲ್ಲೂ ಒಂದು ಸಲ ಕೇಳಿದೆ. ಕುಕ್ಕರ್ ಕೂಗ್ತಿದೆ ಎಂದು ಇಟ್ಟುಬಿಟ್ಟರು. ನಾನು ಕೇಳಿದ್ದು ಇಷ್ಟೇ:

“ಚಿಕ್ಕಮ್ಮ, ನಿಜ ಹೇಳಿ. ನಾನು ಕೂಸಾಗಿದ್ದಾಗ, ಅಮ್ಮನಿಗೆ ಗೊತ್ತಾಗದ ಹಾಗೆ, ನೀವು ಅಜ್ಜೀನ ಕೆಂಗೇರಿಗೆ ಕರ್ಕೊಂಡು ಬಂದಿದ್ರಾ?”